ರಾಯಭಾರಿಯ ಬೆತ್ತ

7 ನವೆಂಬರ್ 2024, ಗುರುವಾರ

ಬಾಪ ಇವತ್ತು ನನ್ನನ್ನು ಕೆಲಸದಿಂದ ತೆಗೆದರು. ಸ್ವಂತ ಲಾಂಡ್ರಿಯಿಂದ ಸ್ವಂತ ಮಗನನ್ನು ಹೇಗೆ ತೆಗೆಯುತ್ತಾರೆ ಎಂದು ತಿಳಿಯಬೇಕಾದವರು ಅರಬ್ಬರ ನಾಡಿನ ಈ ಅಲ್ ಹೈಲ್‌ಗೆ ಬಂದು ನನ್ನ ಬಾಪ ಮೂಸಬ್ಬರನ್ನು ಕೇಳಬಹುದು.

ಗಿರಾಕಿಯೊಬ್ಬರ ಬಿಳಿ ನಿಲುವಂಗಿ ಡಿಶ್‌ಡಾಶಾದ ಬೆನ್ನಿನಲ್ಲಿ ಹಳದಿ ಕಲೆ. ಇದು ಎಲ್ಲಿಂದ ಬಂತು ಎಂದು ಅವರು ಕೇಳಿದರು. ಬಾಪ, ಕೊಡುವಾಗಲೇ ಇತ್ತು ಎಂದರು. ನಾನು, ಇಲ್ಲ, ಇಸ್ತ್ರಿಪೆಟ್ಟಿಗೆ ಸುಟ್ಟದ್ದು, ಸುಟ್ಟವನು ನಾನೇ ಎಂದೆ. ಗಿರಾಕಿ ಹೊಸ ಡಿಶ್‌ಡಾಶಾದ ಬೆಲೆ ವಸೂಲು ಮಾಡಿಕೊಂಡು ಹೋದರು.

"ನಿನ್ನನ್ನು ಯಾರಾದ್ರೂ ಕೇಳಿದ್ರಾ?" ಎಂದರು ಬಾಪ.

"ಇಲ್ಲ."

"ಮತ್ತೆ ಎಂತಕ್ಕೆ ಬಾಯಿ ಹಾಕಿದ್ದು ಮೋನೆ? ಶಾಲೆಯೂ ಹೀಗೇ ಹೋಯ್ತು, ಇನ್ನು ಅಂಗಡಿಯೂ ಹೋಗ್ಲಿ. ನಾಳೆಯಿಂದ ರುಸೈಲ್‌ನಲ್ಲಿ ಯಾವುದಾದ್ರೂ ಫ್ಯಾಕ್ಟರಿ ನೋಡಿಕೋ. ಮಿಷಿನಿನ ಹತ್ರ ಎಷ್ಟು ಬೇಕಾದ್ರೂ ನಿಜ ಹೇಳು."

ಶಾಲೆ ಹೋದದ್ದು ನಿಜ. ಹನ್ನೊಂದನೆಯ ಕ್ಲಾಸಿನಲ್ಲಿ ಫಿಸಿಕ್ಸ್ ಪ್ರಾಕ್ಟಿಕಲ್ ಪುಸ್ತಕಕ್ಕೆ ಎಲ್ಲರೂ ಹಿಂದಿನ ವರ್ಷದ ಅಂಕಿಗಳನ್ನೇ ಇಳಿಸಿದ್ದೆವು. ಪರೀಕ್ಷಕರು ಕೇಳಿದಾಗ ನಾನು ಹಾಗೆಯೇ ಹೇಳಿದೆ. ಕ್ಷಮಾಪಣೆ ಬರೆದುಕೊಡು ಎಂದರು ಪ್ರಿನ್ಸಿಪಾಲರು. ಯಾವುದಕ್ಕೆ, ಇಳಿಸಿದ್ದಕ್ಕೋ ಹೇಳಿದ್ದಕ್ಕೋ ಎಂದು ಕೇಳಿದೆ. ಅಲ್ಲಿಗೆ ಮುಗಿಯಿತು.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಂಟನೆಯ ಕ್ಲಾಸಿನವರೆಗೆ ಊರಿನಲ್ಲಿ ಕಲಿತದ್ದು ಇದೇ. ಇಲ್ಲಿ ಇದನ್ನು ತೆರೆದರೂ ಓದುವವರಿಲ್ಲ. ಬಾಪ ಅಂಗಡಿಯ ಬೋರ್ಡಿನ ಆಚೆಗೆ ಏನನ್ನೂ ಓದುವುದಿಲ್ಲ.

12 ನವೆಂಬರ್, ಮಂಗಳವಾರ

ಹೊಸ ಕೆಲಸ ಸಿಕ್ಕಿತು. ಲಾಂಡ್ರಿಗೆ ಬಟ್ಟೆ ಕೊಡುವ ಅಬೆನಾ ಮೇಡಂ ಘಾನಾ ದೇಶದವರು, ತೈಲ ಕಂಪನಿಯಲ್ಲಿ ಇಂಜಿನಿಯರ್. ಅವರ ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋಗಲು, ಅರಬ್ಬಿ ಮಾತಾಡಲು ಒಬ್ಬರು ಬೇಕಂತೆ. "ನಿಜ ಹೇಳ್ತಾನೆ, ಅದೊಂದೇ ತೊಂದರೆ," ಎಂದು ಬಾಪ ನನ್ನ ಶಿಫಾರಸು ಮಾಡಿದರು.

ಹೆಸರು ಕ್ವಾಸಿ ಸೆಫಾ. ಎರಡು ದೇಶಗಳಲ್ಲಿ ರಾಯಭಾರಿಯಾಗಿದ್ದವರು. ಹೆಂಡತಿ ತೀರಿದ ಮೇಲೆ ಮಗಳ ಮನೆಗೆ ಬಂದಿದ್ದಾರೆ. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿದೆ, ಕೈಯಲ್ಲಿ ಕಪ್ಪು ಮರದ ಬೆತ್ತ. ಸೆಕೆಯಲ್ಲೂ ಕೋಟು.

ನಾನು ಗುಡ್ ಮಾರ್ನಿಂಗ್ ಎಂದೆ. ಅವರು ನನ್ನ ಆರೋಗ್ಯ ಕೇಳಿದರು. ಆಮೇಲೆ ಬಾಪನ ಆರೋಗ್ಯ, ಊರಿನಲ್ಲಿ ಯಾರಿದ್ದಾರೆ, ಅವರ ಆರೋಗ್ಯ, ಅಲ್ಲಿ ಮಳೆ ಹೇಗಿತ್ತು, ಇಸ್ತ್ರಿಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಿದೆಯೇ. ಕಾರು ಹೊರಡುವ ಹೊತ್ತಿಗೆ ನನಗೆ ಸಾಕಾಗಿತ್ತು.

"ನೀನು ಹುಟ್ಟಿದ್ದು ಯಾವ ವಾರ?"

"ಗೊತ್ತಿಲ್ಲ ಸರ್."

"ಮನುಷ್ಯನಿಗೆ ಅದು ಗೊತ್ತಿರಬೇಕು. ನಮ್ಮಲ್ಲಿ ಮೊದಲ ಹೆಸರು ವಾರದ್ದು. ನಾನು ಭಾನುವಾರದವನು, ಅದಕ್ಕೆ ಕ್ವಾಸಿ."

ಬಾಪನಿಗೆ ಫೋನ್ ಮಾಡಿ ಕೇಳಿದೆ. ಜುಮಾ ದಿನ, ಶುಕ್ರವಾರ ಎಂದರು. "ಹಾಗಾದರೆ ನೀನು ಕೋಫಿ," ಎಂದರು ಸೆಫಾ ಸರ್. ನನ್ನ ಹೆಸರು ಹಕೀಂ ಎಂದೆ. "ಅದೂ ಇರಲಿ," ಎಂದರು.

18 ನವೆಂಬರ್, ಸೋಮವಾರ

ಫಾರ್ಮಸಿ, ಬ್ಯಾಂಕು, ಸಮುದ್ರದ ದಂಡೆ. ದಿನವೂ ಇಷ್ಟೇ. ಅವರು ಮಾತಾಡುತ್ತಾರೆ, ನಾನು ಓಡಿಸುತ್ತೇನೆ.

ಮೊದಲು ಅವರು ಕುಮಾಸಿ ಎಂಬ ಊರಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಲಕೋಟೆಗೆ ಅಂಚೆಚೀಟಿ ಅಂಟಿಸುವ ಕೆಲಸ. ಆಮೇಲೆ ರಾಜಧಾನಿಯ ವಿದೇಶಾಂಗ ಇಲಾಖೆಯಲ್ಲಿ, ಔತಣದಲ್ಲಿ ಯಾರ ಕುರ್ಚಿ ಯಾರ ಪಕ್ಕ ಎಂದು ನಿರ್ಧರಿಸುವ ಕೆಲಸ. ಒಮ್ಮೆ ಮಾತು ಬಿಟ್ಟ ಇಬ್ಬರು ಮಂತ್ರಿಗಳು ಪಕ್ಕಪಕ್ಕ ಬರುವಂತಾಯಿತು. ಇವರು ನಡುವೆ ಒಬ್ಬ ಕಿವುಡ ಬಿಷಪ್ಪರನ್ನು ಕೂರಿಸಿದರು. "ಅದು ನನ್ನ ಮೊದಲ ಶಾಂತಿ ಒಪ್ಪಂದ, ಕೋಫಿ." ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ.

ನನಗೆ ನಗು ಬರಲಿಲ್ಲ. ಇಬ್ಬರನ್ನೂ ಕರೆದು, ಮಾತಾಡುತ್ತೀರೋ ಇಲ್ಲವೋ ಎಂದು ಕೇಳಬಹುದಿತ್ತು. ಹಾಗೆಂದು ಹೇಳಿದೆ. "ಕೇಳಬಹುದಿತ್ತು. ಆಗ ಇಬ್ಬರೂ ಇಲ್ಲ ಅನ್ನುತ್ತಿದ್ದರು. ಹೇಳಿದ ಮೇಲೆ ಅದನ್ನು ನಡೆಸಬೇಕಾಗುತ್ತಿತ್ತು," ಎಂದರು.

22 ನವೆಂಬರ್, ಶುಕ್ರವಾರ

ಅಬೆನಾ ಮೇಡಂಗೆ ಕುಮಾಸಿಯಿಂದ ಒಬ್ಬ ಹೆಂಗಸಿನ ಫೋನು. ಆ ಹೆಂಗಸಿನ ತಂಗಿ ತೀರಿಹೋಗಿದ್ದಾರೆ. ತಂಗಿಯ ಹಿರಿಯ ಮಗಳು ಅಕೋಸುವಾ ಇಲ್ಲಿಯೇ ಇಬ್ರಾದಲ್ಲಿ ಮನೆಕೆಲಸಕ್ಕಿದ್ದಾಳೆ. ಒಪ್ಪಂದದ ಅವಧಿ ಮುಗಿದಿಲ್ಲ ಎಂದು ಅವಳ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಕಳುಹಿಸುತ್ತಿಲ್ಲ. ರಾಯಭಾರಿ ಸಾಹೇಬರು ಒಂದು ಮಾತು ಹೇಳಬೇಕು.

"ನಾನು ಈಗ ಯಾರ ರಾಯಭಾರಿಯೂ ಅಲ್ಲ," ಎಂದರು ಸೆಫಾ ಸರ್. ಆದರೆ ಕೋಟಿನ ಗುಂಡಿ ಹಾಕಿಕೊಂಡರು.

ಹೆಣವನ್ನು ಮಣ್ಣು ಮಾಡಿಲ್ಲವಂತೆ. ಅವರ ಕಡೆ ಶೀತದ ಕೋಣೆಯಲ್ಲಿ ವಾರಗಟ್ಟಲೆ ಇಡುತ್ತಾರೆ, ಮಕ್ಕಳೆಲ್ಲ ಬರುವ ತನಕ. ಕೊನೆಯ ಬಟ್ಟೆಯನ್ನು ಹಿರಿಯ ಮಗಳೇ ಹೊದೆಸಬೇಕು. ಅವಳಿಗಾಗಿ ಅವಳ ಉಮ್ಮ ಕಾಯುತ್ತಿದ್ದಾರೆ.

ನಮ್ಮಲ್ಲಿ ಯಾರೂ ಕಾಯುವುದಿಲ್ಲ. ನನ್ನ ಉಮ್ಮ ಮೈಮುನಾ ಎರಡು ವರ್ಷದ ಹಿಂದೆ ಊರಿನಲ್ಲಿ ಬೆಳಗ್ಗೆ ತೀರಿಕೊಂಡರು. ಬಾಪನೂ ನಾನೂ ಸಿಕ್ಕಿದ ವಿಮಾನ ಹಿಡಿದು ಬಜ್ಪೆಯಲ್ಲಿ ಇಳಿದಾಗ ಖಬರಿನ ಮೇಲಿನ ಮಣ್ಣು ಒಣಗತೊಡಗಿತ್ತು. ಅದೇ ಸರಿ, ಮಯ್ಯತನ್ನು ಕಾಯಿಸಬಾರದು ಎಂದು ಉಸ್ತಾದರು ಹೇಳಿದರು. ಸರಿಯೇ. ನಾನು ಅದರ ಬಗ್ಗೆ ಬರೆಯಲು ಈ ಪುಸ್ತಕ ಇಟ್ಟುಕೊಂಡಿಲ್ಲ.

29 ನವೆಂಬರ್, ಶುಕ್ರವಾರ

ಇಬ್ರಾಕ್ಕೆ ಹೋದೆವು. ಬಿದ್‌ಬಿದ್ ದಾಟಿದ ಮೇಲೆ ಎರಡೂ ಬದಿ ಕಂದು ಗುಡ್ಡ. ಸೆಫಾ ಸರ್ ದಾರಿಯಲ್ಲಿ ನನಗೆ ನನ್ನ ಕೆಲಸ ವಿವರಿಸಿದರು.

ಅವರ ಕಡೆ ಅರಸ ಯಾರೊಂದಿಗೂ ನೇರ ಮಾತಾಡುವುದಿಲ್ಲ. ಅವನ ಪಕ್ಕದಲ್ಲಿ ಒಬ್ಬ ನಿಂತಿರುತ್ತಾನೆ. ಅವನಿಗೆ ಒಚ್ಯಾಮೆ ಎಂದು ಹೆಸರು. ಅರಸ ಮೆಲ್ಲಗೆ ಹೇಳಿದ್ದನ್ನು ಅವನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅರಸನ ಬೆತ್ತ ಅವನ ಕೈಯಲ್ಲಿರುತ್ತದೆ. ಮಾತು ಒರಟಾಗಿದ್ದರೆ ತೊಳೆದು, ಇಸ್ತ್ರಿ ಮಾಡಿ ಕೊಡಬೇಕು. "ನಿಮ್ಮ ಅಂಗಡಿಯ ಹಾಗೆ."

"ನಾನು ಒಂದು ಮಾತು ಸೇರಿಸುವುದಿಲ್ಲ, ಒಂದು ಮಾತು ಬಿಡುವುದಿಲ್ಲ ಸರ್."

"ಒಳ್ಳೆಯ ಗುಮಾಸ್ತನಾಗುತ್ತೀ," ಎಂದರು.

ಕಫೀಲ್‌ನ ಹೆಸರು ಅಬು ನಾಸರ್, ಅಂದರೆ ನಾಸರ್‌ನ ಅಪ್ಪ. ಐವತ್ತು ದಾಟಿದ, ಮೆತ್ತಗಿನ ದನಿಯ ಮನುಷ್ಯ. ಬಾಗಿಲಲ್ಲಿ ಸೆಫಾ ಸರ್ ಬೆತ್ತವನ್ನು ನನ್ನ ಕೈಗೆ ಕೊಟ್ಟರು. ಒಳಗೆ ಕಹ್ವಾ ಕಾಫಿ, ಖರ್ಜೂರ, ಹಲ್ವ. ಆರೋಗ್ಯ, ಮಕ್ಕಳು, ತೋಟ, ಫಲಜ್ ಕಾಲುವೆಯಲ್ಲಿ ನೀರು ಹೇಗಿದೆ. ಎಲ್ಲವನ್ನೂ ಅರಬ್ಬಿಗೆ ಮಾಡಿದೆ. ಅಬು ನಾಸರ್‌ನ ಉಮ್ಮ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಮನೆಯವರೆಲ್ಲ ಅವರನ್ನು ಹಬೂಬಾ, ಅಂದರೆ ಅಜ್ಜಿ ಎನ್ನುತ್ತಾರೆ. ಅವರ ಬಗ್ಗೆ ಸೆಫಾ ಸರ್ ತುಂಬ ಕೇಳಿದರು. ಊಟ ಹೇಗೆ, ನಿದ್ದೆ ಹೇಗೆ, ಬೆನ್ನು ಹುಣ್ಣಾಗಿದೆಯೇ. ಆಮೇಲೆ ಎದ್ದು ನಿಂತು, ಹೋಗಿಬರುತ್ತೇವೆ ಎಂದರು.

ಹುಡುಗಿಯ ಮಾತನ್ನೇ ಎತ್ತಲಿಲ್ಲ.

ನಾನು ಕಾರು ತಿರುಗಿಸಲು ಹೋದಾಗ ಅಡುಗೆಮನೆಯ ಬಾಗಿಲಿನಿಂದ ಅಕೋಸುವಾ ಬಂದಳು. ನನಗಿಂತ ಸ್ವಲ್ಪ ದೊಡ್ಡವಳು. ಕೈಯಲ್ಲಿ ಒದ್ದೆ ಬಟ್ಟೆ. ಇಂಗ್ಲಿಷಿನಲ್ಲಿ ಕೇಳಿದಳು, "ಏನಂದರು?"

"ಏನೂ ಕೇಳಲಿಲ್ಲ."

"ಅಂಕಲ್‌ಗೆ ಬೇಗ ಮಾಡಲು ಹೇಳು. ಹೋದರೆ ನಾನು ತಿರುಗಿ ಬರುವುದಿಲ್ಲ. ಇವರು ಕೆಟ್ಟವರಲ್ಲ. ಆದರೂ ಬರುವುದಿಲ್ಲ." ಹೇಳಿ ಒಳಗೆ ಹೋದಳು.

ದಾರಿಯುದ್ದಕ್ಕೂ ನನಗೆ ಸಿಟ್ಟು. ಇಷ್ಟು ದೂರ ಪೆಟ್ರೋಲು ಸುಟ್ಟು ಕಾಲುವೆಯ ನೀರು ವಿಚಾರಿಸಿ ಬಂದೆವು. ಸರ್ ಗೊರಕೆ ಹೊಡೆಯುತ್ತಿದ್ದರು.

6 ಡಿಸೆಂಬರ್, ಶುಕ್ರವಾರ

ಕೆಟ್ಟಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮತ್ತೆ ಅತಿಥಿಗಳನ್ನು ಕೂರಿಸುವ ಅದೇ ಮಜ್ಲಿಸ್, ಅದೇ ಕಹ್ವಾ. ಈ ಸಲ ಅಬು ನಾಸರ್ ತಾವಾಗಿಯೇ ವಿಷಯ ತೆಗೆದರು. ಹುಡುಗಿಯ ಅಮ್ಮ ತೀರಿದ್ದಕ್ಕೆ ದುಃಖವಿದೆ ಎಂದರು. ಸೆಫಾ ಸರ್ ತಲೆ ಬಾಗಿಸಿದರು. ಅಬು ನಾಸರ್ ನನ್ನ ಕಡೆ ನೋಡಿ, "ಶೇಖ್ ಅವರನ್ನು ಕೇಳು. ಕಳಿಸಿದರೆ ಅವಳು ತಿರುಗಿ ಬರುತ್ತಾಳಾ?" ಎಂದರು.

ಕೇಳಿದೆ. ಸರ್ ಸ್ವಲ್ಪ ಹೊತ್ತು ಬಟ್ಟಲು ನೋಡಿದರು. "ಹೇಳು, ತನ್ನ ಅಮ್ಮನನ್ನು ಮಣ್ಣಿಗಿಟ್ಟ ಹುಡುಗಿ, ಇನ್ನೊಬ್ಬ ಅಮ್ಮ ಹಾಸಿಗೆಯಲ್ಲಿ ಇರುವುದನ್ನು ಮರೆಯುವುದಿಲ್ಲ."

ಅಷ್ಟನ್ನೇ ಅರಬ್ಬಿಯಲ್ಲಿ ಹೇಳಿದೆ. ಅಬು ನಾಸರ್ ಮೆತ್ತಗೆ ನಕ್ಕರು. "ದೊಡ್ಡವರ ಮಾತು. ನೀನು ಹೇಳು ಮಗನೇ. ನೀನು ಅವಳ ಹತ್ತಿರ ಮಾತಾಡಿದ್ದನ್ನು ನನ್ನ ಮಗ ನೋಡಿದ್ದಾನೆ. ಬರುತ್ತಾಳಾ?"

ನನ್ನನ್ನೇ ಕೇಳಿದರು. ಈ ಸಲ ಕೇಳದೆ ಬಾಯಿ ಹಾಕಿದ್ದಲ್ಲ.

"ಇಲ್ಲ. ಬರುವುದಿಲ್ಲ ಎಂದು ಹೇಳಿದಳು," ಎಂದೆ.

ಅಬು ನಾಸರ್ ಬಟ್ಟಲನ್ನು ಎಡಬಲ ಅಲ್ಲಾಡಿಸಿ ಕೆಳಗಿಟ್ಟರು. ಇಲ್ಲಿ ಹಾಗೆ ಮಾಡಿದರೆ ಸಾಕು ಎಂದರ್ಥ. "ಖಲಾಸ್," ಎಂದರು. ಸಿಟ್ಟು ಮಾಡಲಿಲ್ಲ. ಬಾಗಿಲ ತನಕ ಬಂದು ಕಳುಹಿಸಿಕೊಟ್ಟರು. ಪಕ್ಕದ ಕೋಣೆಯಿಂದ ಹಬೂಬಾ "ಅಕೂ, ಅಕೂ" ಎಂದು ಅಕೋಸುವಾಳನ್ನು ಕರೆಯುತ್ತಿದ್ದರು. ಮಗ್ಗುಲು ತಿರುಗಿಸಬೇಕಾಗಿತ್ತು ಅಂತ ಕಾಣುತ್ತದೆ.

ಸೆಫಾ ಸರ್‌ಗೆ ಕಾರಿನಲ್ಲಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಬಿದ್‌ಬಿದ್ ಬಂಕಿನಲ್ಲಿ ನಿಲ್ಲಿಸಿ ಎರಡು ಕರಕ್ ಚಹಾ ತರಿಸಿದರು.

"ನೀನು ಹೇಳಿದ್ದು ನಿಜ, ಕೋಫಿ. ಅದು ಅಲ್ಲಿ ಯಾರಿಗೆ ಬೇಕಿತ್ತು?"

"ಅವರೇ ಕೇಳಿದ್ದು ಸರ್."

"ಅವರು ಕೇಳಿದ್ದು ಹುಡುಗಿಯ ವಿಷಯ ಅಲ್ಲ. ತನ್ನ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದು."

ಹಾಗಿದ್ದರೆ ಹಾಗೆಯೇ ಕೇಳಬೇಕಿತ್ತು. ನಾನು ಮಾಡಿದ್ದು ತಪ್ಪಲ್ಲ.

7 ಡಿಸೆಂಬರ್

ತಪ್ಪಲ್ಲ.

11 ಡಿಸೆಂಬರ್, ಬುಧವಾರ

ಅಕೋಸುವಾಳ ಚಿಕ್ಕಪ್ಪಂದಿರು ಸೇರಿ, ಜನವರಿ ಹನ್ನೊಂದಕ್ಕೆ ಮಣ್ಣು ಮಾಡುವುದೆಂದು ತೀರ್ಮಾನಿಸಿದ್ದಾರಂತೆ. ಇನ್ನು ಮುಂದೂಡುವುದಿಲ್ಲ. ಅಬೆನಾ ಮೇಡಂ ಕಚೇರಿಗಳಿಗೆ ಬರೆದಿದ್ದಾರೆ. ಎಲ್ಲರೂ ಪರಿಶೀಲಿಸುತ್ತಿದ್ದಾರೆ.

ಸಮುದ್ರದ ದಂಡೆಯಲ್ಲಿ ಸೆಫಾ ಸರ್ ಹಳೆಯ ಕಥೆ ಹೇಳಿದರು. ಪಕ್ಕದ ದೇಶವೊಂದು ಅವರ ಜನರನ್ನೆಲ್ಲ ಹೊರಹಾಕಿದ ವರ್ಷ. ಗಡಿಯ ಗೇಟು ಮುಚ್ಚಿದೆ, ಲಾರಿಗಳಲ್ಲಿ ಜನ, ಮಕ್ಕಳು, ನೀರಿಲ್ಲ. ಇವರು ಸಣ್ಣ ಅಧಿಕಾರಿ. ದಿನವೂ ಒಂದು ಪೆಟ್ಟಿಗೆಯ ಮೇಲೆ ಹತ್ತಿ, ನಾಳೆ ಗೇಟು ತೆರೆಯುತ್ತದೆ ಎನ್ನುತ್ತಿದ್ದರು. ಮರುದಿನವೂ ಅದೇ ನಾಳೆ. ಜನ ನಂಬಿ ಅಲ್ಲೇ ಉಳಿದರು. ನಂಬದೆ ಕಾಡಿಗೆ ಇಳಿದವರಲ್ಲಿ ಎಲ್ಲರೂ ಮನೆ ಸೇರಲಿಲ್ಲ. ಕೊನೆಗೆ ಒಂದು ನಾಳೆ ಗೇಟು ತೆರೆಯಿತು.

"ನಿಮಗೆ ಯಾರಾದರೂ ಹೇಳಿದ್ದರಾ, ನಾಳೆ ತೆರೆಯುತ್ತದೆ ಎಂದು?"

"ಯಾರೂ ಹೇಳಿರಲಿಲ್ಲ."

"ಹಾಗಾದರೆ ಸುಳ್ಳು."

"ಇನ್ನೂ ಹಣ್ಣಾಗದ ನಿಜ," ಎಂದರು.

ಚೆನ್ನಾಗಿ ಹೇಳಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ ಎಂದೆ. ತೆರೆಯದೆ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದೂ ಕೇಳಿದೆ. ಅವರು ಬೆತ್ತದ ತುದಿಯಿಂದ ಮರಳು ಕೆದಕಿದರು. ಆಮೇಲೆ, "ಪ್ರತಿ ಸಂಜೆ ಪೆಟ್ಟಿಗೆಯಿಂದ ಇಳಿದು ಅವರ ನಡುವೆಯೇ ಮಲಗುತ್ತಿದ್ದೆ. ಜೀಪು ಇತ್ತು, ಹೋಗಬಹುದಿತ್ತು. ಹೋಗಲಿಲ್ಲ. ಅಷ್ಟೇ ನಾನು ಮಾಡಿದ್ದು," ಎಂದರು. ಎದ್ದು ನಿಲ್ಲಲು ಇವತ್ತು ನನ್ನ ಭುಜ ಹಿಡಿಯಬೇಕಾಯಿತು.

19 ಡಿಸೆಂಬರ್, ಗುರುವಾರ

ಸೆಫಾ ಸರ್ ಸ್ನಾನದ ಕೋಣೆಯಲ್ಲಿ ಬಿದ್ದರು. ಬಲಗೈ, ಬಲಗಾಲಿನಲ್ಲಿ ಸ್ವಾಧೀನ ಇಲ್ಲ. ಮಾತು ಪೂರ್ತಿ ಹೋಗಿದೆ. ಆಸ್ಪತ್ರೆಯಲ್ಲಿ ಅಬೆನಾ ಮೇಡಂ ಒಂದೇ ಕುರ್ಚಿಯಲ್ಲಿ ಬೆಳಗ್ಗೆಯಿಂದ ಕೂತಿದ್ದಾರೆ.

24 ಡಿಸೆಂಬರ್, ಮಂಗಳವಾರ

ಅವರು ನೋಡುತ್ತಾರೆ. ಕೇಳಿಸುತ್ತದೆ. ಬಾಯಿ ತೆರೆದರೆ ಉಸಿರು ಮಾತ್ರ ಬರುತ್ತದೆ.

ನನಗೆ ಏನು ಮಾತಾಡುವುದೆಂದು ತಿಳಿಯಲಿಲ್ಲ. ಅದಕ್ಕೇ ಬಾಪನ ಆರೋಗ್ಯ ಹೇಳಿದೆ. ಇಸ್ತ್ರಿಪೆಟ್ಟಿಗೆ ಕೆಟ್ಟು ರಿಪೇರಿಯಾಯಿತು ಎಂದೆ. ಸೆಕೆ ಕಡಿಮೆಯಾಗಿದೆ ಎಂದೆ. ಹೇಳಲು ಇನ್ನೂ ಏನೇನೋ ಸಿಕ್ಕಿತು. ನರ್ಸು ಬಂದು ಸಮಯವಾಯಿತು ಎನ್ನುವ ತನಕ ಹೇಳುತ್ತಲೇ ಇದ್ದೆ.

ಹೊರಗೆ ಅಬೆನಾ ಮೇಡಂ ಅಂದರು, "ಅಪ್ಪ ಆ ಹುಡುಗಿಯ ಬಗ್ಗೆ ಕೇಳುತ್ತಿದ್ದಾರೆ ಅನ್ನಿಸುತ್ತದೆ. ಹನ್ನೊಂದನೆಯ ತಾರೀಕು ಎಂದಾಗ ಕಣ್ಣು ತೆರೆಯುತ್ತಾರೆ."

"ಬೆತ್ತ ಎಲ್ಲಿದೆ ಮೇಡಂ?" ಎಂದು ಕೇಳಿದೆ.

27 ಡಿಸೆಂಬರ್, ಶುಕ್ರವಾರ

ಒಬ್ಬನೇ ಇಬ್ರಾಕ್ಕೆ ಹೋದೆ. ಬಾಪ ಬೇಡವೆಂದರು. "ನೀನು ಹೋದ್ರೆ ಇದ್ದ ಕೆಲಸವೂ ಕೆಡ್ತದೆ. ನಿನ್ನ ಬಾಯಿ ಗೊತ್ತುಂಟಲ್ಲ." ಗೊತ್ತುಂಟು ಎಂದೆ. ಬೆಳಗ್ಗೆ ಎದ್ದಾಗ ಬಾಪ ನನ್ನ ಅಂಗಿಗೆ ಇಸ್ತ್ರಿ ಮಾಡಿ ಇಟ್ಟಿದ್ದರು.

ಅಬು ನಾಸರ್ ಬಾಗಿಲು ತೆರೆದಾಗ ಮೊದಲು ನೋಡಿದ್ದು ಬೆತ್ತವನ್ನು. "ಶೇಖ್ ಬರಲಿಲ್ಲವಾ?"

"ಆರಾಮಿಲ್ಲ. ಸಲಾಂ ಹೇಳಿದ್ದಾರೆ. ಮಾತು ಕೊಟ್ಟು ಕಳಿಸಿದ್ದಾರೆ."

ಕೂತೆವು. ಅವರ ಆರೋಗ್ಯ, ಮಕ್ಕಳ ಆರೋಗ್ಯ, ತೋಟ, ಕಾಲುವೆಯ ನೀರು. ಕಹ್ವಾ ಎರಡನೆಯ ಸಲ ಬಂತು. ಹಬೂಬಾ ಹೇಗಿದ್ದಾರೆ ಎಂದೆ. ಚಳಿಯಲ್ಲಿ ನೋವು ಜಾಸ್ತಿ ಎಂದರು. ಅವರಿಗೂ ಶೇಖ್ ಸಲಾಂ ಹೇಳಿದ್ದಾರೆ, ಹೊಸ್ತಿಲಿನಿಂದ ಮುಟ್ಟಿಸಬಹುದೇ ಎಂದು ಕೇಳಿದೆ. ಅಬು ನಾಸರ್ ಯೋಚಿಸಿ ಎದ್ದರು.

ಹಬೂಬಾ ಎಂದರೆ ಹಾಸಿಗೆಯ ಮೇಲೆ ಒಂದು ಹಿಡಿ ಮೂಳೆ. ಅಕೋಸುವಾ ಅವರ ಬೆನ್ನಿನ ಹಿಂದೆ ದಿಂಬು ಸರಿಸುತ್ತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

"ಆ ಉದ್ದದ ಶೇಖ್ ಏನು ಹೇಳಿದ್ದಾರೆ?" ಎಂದರು ಹಬೂಬಾ.

ನಾನು ಬೆತ್ತವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದೆ. "ಶೇಖ್ ಹೇಳುತ್ತಾರೆ, ಇಬ್ಬರು ಅಮ್ಮಂದಿರು ಮಲಗಿದ್ದಾರೆ. ಒಬ್ಬರು ಇಬ್ರಾದಲ್ಲಿ. ಅವರನ್ನು ಮಗ್ಗುಲು ತಿರುಗಿಸಲು ಮಗ ಇದ್ದಾನೆ, ಸೊಸೆ ಇದ್ದಾಳೆ, ಅಕೋಸುವಾ ಇದ್ದಾಳೆ. ಇನ್ನೊಬ್ಬರು ಕುಮಾಸಿಯಲ್ಲಿ. ಅವರ ಮಗಳು ಇಲ್ಲಿದ್ದಾಳೆ."

"ಅವಳ ಅಮ್ಮ ತೀರಿಹೋದಳಂತಲ್ಲ?"

"ತೀರಿದ್ದಾರೆ. ಇನ್ನೂ ಮಣ್ಣಾಗಿಲ್ಲ. ಅವರ ಕಡೆ ಮಗಳು ಬಂದು ಬಟ್ಟೆ ಹೊದೆಸುವ ತನಕ ಕಾಯುತ್ತಾರೆ."

"ಅಂದಿನಿಂದ ಇವತ್ತಿನವರೆಗೂ?" ಹಬೂಬಾ ಮೆಲ್ಲಗೆ ಅಸ್ತಗ್‌ಫಿರುಲ್ಲಾ ಎಂದು ದೇವರ ಕ್ಷಮೆ ಕೇಳಿದರು. ಅಕೋಸುವಾಳ ಕೈ ಹುಡುಕಿ ಹಿಡಿದುಕೊಂಡರು. "ಇವಳು ನನಗೆ ಹೇಳಲೇ ಇಲ್ಲ. ನಾಸರ್‌ನ ಅಪ್ಪ, ನೀನೂ ಹೇಳಲಿಲ್ಲ."

ಅಬು ನಾಸರ್ ನೆಲ ನೋಡಿದರು.

ಹಬೂಬಾ ನನ್ನನ್ನು ಕೇಳಿದರು, "ಹೋಗಲಿ. ತಿರುಗಿ ಬರುತ್ತಾಳಾ?"

"ಬರುತ್ತಾಳೆ. ಶೇಖ್ ಮಾತು ಕೊಟ್ಟಿದ್ದಾರೆ."

ಅಬು ನಾಸರ್ ತಲೆಯೆತ್ತಿದರು. "ಅವತ್ತು ನೀನೇ ಬೇರೆ ಹೇಳಿದ್ದೆಯಲ್ಲ ಮಗನೇ."

"ಅವತ್ತು ಮಾತಾಡಿದ್ದು ನಾನು. ಇವತ್ತು ಅವರು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬೆತ್ತ ನೋಡಿದೆ. ಅದರ ತುದಿಯಲ್ಲಿ ಒಂದು ಹಕ್ಕಿ ಕೆತ್ತಿದ್ದಾರೆ, ಕತ್ತು ಹಿಂದಕ್ಕೆ ತಿರುಗಿಸಿಕೊಂಡಿದೆ. ಇಷ್ಟು ದಿನ ಗಮನಿಸಿರಲಿಲ್ಲ.

"ಯಲ್ಲಾ, ಆಯಿತು," ಎಂದರು ಅಬು ನಾಸರ್ ಕೊನೆಗೆ. "ಅಮ್ಮ ಹೇಳಿದ ಮೇಲೆ ಮುಗಿಯಿತು."

ಮನೆಗೆ ಬಂದಾಗ ಬಾಪ ಏನಾಯಿತೆಂದು ಕೇಳಿದರು. ಕಳುಹಿಸುತ್ತಾರೆ ಎಂದೆ. ಬಾಪ ನಂಬಲಿಲ್ಲ. "ನೀನು ಎಂತ ಹೇಳಿದ್ದು?"

"ಸರ್ ಹೇಳಿದ ಹಾಗೆಯೇ ಹೇಳಿದೆ," ಎಂದೆ.

3 ಜನವರಿ 2025, ಶುಕ್ರವಾರ

ಅಕೋಸುವಾಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟೆ. ಅಬು ನಾಸರ್ ತಾವೇ ಇಬ್ರಾದಿಂದ ಅಲ್ ಹೈಲ್‌ವರೆಗೆ ಕರೆತಂದಿದ್ದರು, ಹೋಗಿಬರುವ ಟಿಕೆಟು ಕೊಟ್ಟಿದ್ದರು. ಹಬೂಬಾ ಖರ್ಜೂರ ಕಟ್ಟಿ ಕಳುಹಿಸಿದ್ದಾರೆ, ಅಮ್ಮನ ಮನೆಗೆ ಬಂದವರಿಗೆ ಕೊಡು ಎಂದು.

ಕಾರಿನಲ್ಲಿ ಅವಳು ಅಳಲಿಲ್ಲ. ಇಳಿಯುವಾಗ ಕೇಳಿದಳು, "ನಾನು ಬರುತ್ತೇನೆ ಎಂದು ಅಂಕಲ್ ನಿಜವಾಗಿ ಹೇಳಿದರಾ?"

"ಲಗೇಜು ತೂಕ ನೋಡು, ಸಾಲು ಉದ್ದ ಇದೆ," ಎಂದೆ.

12 ಜನವರಿ, ಭಾನುವಾರ

ನಿನ್ನೆ ಮಣ್ಣಾಯಿತು. ಅಕೋಸುವಾ ಫೋಟೋ ಕಳುಹಿಸಿದ್ದಾಳೆ. ಕೆಂಪು ಕಪ್ಪು ಬಟ್ಟೆ ಉಟ್ಟು ಪೆಟ್ಟಿಗೆಯ ಪಕ್ಕ ನಿಂತಿದ್ದಾಳೆ. ಒಳಗಿನ ಬಿಳಿ ಬಟ್ಟೆಯ ಮೇಲೆ ಅವಳ ಕೈ ಇದೆ.

ನಾನು ಅದನ್ನು ದೊಡ್ಡದು ಮಾಡಿ ನೋಡಿದೆ. ಅವಳ ಉಮ್ಮನ ಮುಖ ಕಾಣುತ್ತದೆ. ನಿದ್ದೆ ಮಾಡಿದ ಹಾಗೆ ಏನೂ ಇಲ್ಲ. ಸತ್ತ ಹಾಗೆಯೇ ಇದೆ. ಆದರೂ ಅವಳು ನೋಡಿದಳು.

ಸೆಫಾ ಸರ್‌ಗೆ ಫೋನನ್ನು ಹತ್ತಿರ ಹಿಡಿದು ತೋರಿಸಿದೆ. ಇಬ್ರಾದಲ್ಲಿ ಅವರು ಹೇಳಿದ್ದನ್ನೆಲ್ಲ ಅವರಿಗೇ ಹೇಳಿದೆ. ಇಬ್ಬರು ಅಮ್ಮಂದಿರ ಮಾತು, ಬರುತ್ತಾಳೆ ಎಂಬ ಮಾತು. ಅವರು ನನ್ನನ್ನೇ ನೋಡುತ್ತಿದ್ದರು. ಎಡಗಣ್ಣಿನಿಂದ ನೀರು ಬಂತು. ಅದು ಕಾಯಿಲೆಯಿಂದ ಎಂದು ನರ್ಸು ಹೇಳುತ್ತಾಳೆ.

ಬೆತ್ತವನ್ನು ಅವರ ಎಡಗೈಗೆ ಕೊಟ್ಟೆ. ಹಿಡಿಯಲಿಲ್ಲ. ನನ್ನ ಕಡೆಗೇ ತಳ್ಳಿದರು. ಬೆರಳಿಗೆ ಶಕ್ತಿ ಸಾಲದೆ ಇರಬೇಕು. ಮತ್ತೆ ಕೊಟ್ಟೆ, ಮತ್ತೆ ತಳ್ಳಿದರು.

28 ಜನವರಿ, ಮಂಗಳವಾರ

ಸೆಫಾ ಸರ್ ಬೆಳಗ್ಗೆ ಹೋದರು. ನಾನು ಅಲ್ಲಿಗೆ ಮುಟ್ಟುವಾಗ ಮುಖ ಮುಚ್ಚಿದ್ದರು. ಅಬೆನಾ ಮೇಡಂ, ನೋಡುತ್ತೀಯಾ ಎಂದು ಕೇಳಿ ಬಟ್ಟೆ ಸರಿಸಿದರು.

ಅವರ ಕೋಟುಗಳನ್ನು ಬಾಪ ಇಸ್ತ್ರಿ ಮಾಡಿದರು. ದುಡ್ಡು ಬೇಡವೆಂದರು. ಒಂದು ಕೋಟು ಅವರ ಜೊತೆ ಹೋಗುತ್ತದೆ.

9 ಫೆಬ್ರವರಿ, ಭಾನುವಾರ

ಅಬೆನಾ ಮೇಡಂ ಮನೆ ಖಾಲಿ ಮಾಡಿ ಹೊರಟರು. ಬೆತ್ತ ನನ್ನ ಹತ್ತಿರವೇ ಇರಲಿ ಎಂದರು. ಅವರ ಕಡೆ ದೊಡ್ಡ ಮನುಷ್ಯರಿಗೆ ಇನ್ನೂ ಹೆಚ್ಚು ಕಾಯುತ್ತಾರಂತೆ. ಮೇಡಂನ ತಮ್ಮಂದಿರು ಬೇರೆ ಬೇರೆ ದೇಶದಿಂದ ಬರಬೇಕು. ಈಸ್ಟರ್ ಕಳೆಯಬಹುದು. ಅಲ್ಲಿಯ ತನಕ ಸೆಫಾ ಸರ್ ಶೀತದಲ್ಲಿರುತ್ತಾರೆ.

ನಾನು ಮತ್ತೆ ಲಾಂಡ್ರಿಯಲ್ಲಿ. ಬೆತ್ತ ಇಸ್ತ್ರಿ ಮೇಜಿನ ಮೂಲೆಯಲ್ಲಿದೆ. ಬಾಪ ಅದಕ್ಕೆ ಹ್ಯಾಂಗರ್ ನೇತುಹಾಕುತ್ತಾರೆ. ಬೇಡವೆಂದು ಎರಡು ಸಲ ಹೇಳಿದೆ.

ಅಕೋಸುವಾಳಿಗೆ ಮೆಸೇಜು ಹಾಕಿದೆ, ಯಾವಾಗ ಬರುತ್ತೀ ಎಂದು. ಕುಮಾಸಿಯಲ್ಲಿ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಸಿಕ್ಕಿದೆಯಂತೆ. "ನಿನಗೆ ಮೊದಲೇ ಹೇಳಿದ್ದೆನಲ್ಲ," ಎಂದು ಬರೆದಿದ್ದಾಳೆ.

ಹೇಳಿದ್ದಳು.

21 ಫೆಬ್ರವರಿ, ಶುಕ್ರವಾರ

ಇವತ್ತು ಗಿರಾಕಿಯೊಬ್ಬರು ತಮ್ಮ ಡಿಶ್‌ಡಾಶಾ ಯಾಕೆ ಬಿಗಿಯಾಗಿದೆ, ಒಗೆದು ಕುಗ್ಗಿಸಿದಿರಾ ಎಂದು ಕೇಳಿದರು. ಚಳಿಗಾಲದಲ್ಲಿ ಬಟ್ಟೆ ಹಾಗೆಯೇ ಎಂದೆ. ಅವರು ನಕ್ಕು, ಹೊಟ್ಟೆ ತಟ್ಟಿಕೊಂಡು ಹೋದರು. ಬಾಪ ಇಸ್ತ್ರಿ ನಿಲ್ಲಿಸಿ ನನ್ನನ್ನು ನೋಡಿದರು. ಅವರಿಗೆ ಖುಷಿಯಾಗಬೇಕಿತ್ತು. ಆದ ಹಾಗೆ ಕಾಣಲಿಲ್ಲ.

ಜುಮಾ ನಮಾಜಿನ ನಂತರ ಅಬು ನಾಸರ್‌ನ ಫೋನು. ಈಗ ಪ್ರತಿ ಶುಕ್ರವಾರ ಮಾಡುತ್ತಾರೆ. ಸೆಫಾ ಸರ್ ತೀರಿದ ಸುದ್ದಿ ಅವರಿಗೆ ಹೇಳಿದ್ದೇನೆ. ಶೇಖ್ ಒಳ್ಳೆಯವರು, ಅವರ ಮಾತು ಅವರ ಹಿಂದೆ ಉಳಿಯುತ್ತದೆ ಎಂದಿದ್ದರು.

ನಾನು ಅವರ ಆರೋಗ್ಯ ಕೇಳಿದೆ. ನಾಸರ್‌ನ ಪರೀಕ್ಷೆ ಕೇಳಿದೆ. ರಂಜಾನಿಗೆ ಮನೆಯಲ್ಲಿ ಏನೇನು ತಂದಿಟ್ಟಿದ್ದಾರೆ ಎಂದು ಕೇಳಿದೆ. ಕಾಲುವೆಯಲ್ಲಿ ನೀರು ಇಳಿದಿದೆಯಂತೆ, ಅದನ್ನು ವಿವರವಾಗಿ ಹೇಳಿದರು. ಹಬೂಬಾ ಊಟ ಬಿಟ್ಟಿದ್ದಾರೆ, ಸೊಸೆ ತಿರುಗಿಸಿದರೆ ಕಿರುಚುತ್ತಾರೆ, ಬೆನ್ನು ಹುಣ್ಣಾಗಿದೆ ಎಂದರು. ಯಾವ ಎಣ್ಣೆ ಹಚ್ಚುತ್ತಿದ್ದೀರಿ ಎಂದೆ. ಹೇಳಿದರು. ರಾತ್ರಿ ಚಳಿ ಹೇಗೆ ಎಂದೆ. ಹೇಳಿದರು.

"ಎಂತ ಮಾರಾಯ, ಇಷ್ಟು ಹೊತ್ತು?" ಎಂದರು ಬಾಪ ಮೇಜಿನ ಆಚೆಯಿಂದ.

ಆಗ ಫೋನಿನಲ್ಲಿ, ಅಬು ನಾಸರ್‌ನ ದನಿಯ ಹಿಂದೆ, ತುಂಬ ಸಣ್ಣದಾಗಿ ಹಬೂಬಾರ ದನಿ ಕೇಳಿಸಿತು. ಅಕೂ ಬಂದಳಾ ಎಂದು ಯಾರನ್ನೋ ಕೇಳುತ್ತಿದ್ದರು. ಅಬು ನಾಸರ್ ಮಾತು ನಿಲ್ಲಿಸಿದರು.

ಆಮೇಲೆ ಕೇಳಿದೆ, ತೋಟದಲ್ಲಿ ಖರ್ಜೂರದ ಮರಗಳು ಈ ಸಲ ಹೊಂಬಾಳೆ ಬಿಟ್ಟಿವೆಯಾ ಎಂದು.